ದಿಂಬಿನಂಗಡಿಯ ಬಟನ್

ಒಂದಾನೊಂದು ಕಾಲದಲ್ಲಿ, ಏಳು ಸಮುದ್ರದಾಚೆಯ ಗುಹೆಯಲ್ಲಿ, ಕೇಳಿದ್ದಕ್ಕೆಲ್ಲ ಉತ್ತರ ಹೇಳುವ ಪಂಡಿತರಿದ್ದರಂತೆ. ಈಗ ಸಮುದ್ರ ದಾಟುವ ಕಷ್ಟವಿಲ್ಲ. ವೆಬ್ ಡಿಸೈನರ್‌ಗಳ ಆನ್‌ಲೈನ್ ಕೂಟಕ್ಕೆ ಹೋದರೆ ಕೇಳದಿದ್ದಕ್ಕೂ ಉತ್ತರ ಹೇಳುತ್ತಾರೆ.

ಗ್ರಂಥಾಲಯದ ಗುಮಾಸ್ತ ಅಲ್ಲಿಗೆ ಹೋದದ್ದು ಅಕ್ಕನ ದೆಸೆಯಿಂದ. ಅವಳು ದಿಂಬು ಹೊಲಿದು ಮಾರುವವಳು. ಅವಳಿಗೆ ವೆಬ್‌ಸೈಟ್ ಮಾಡಿಕೊಟ್ಟ ಮಹಾನುಭಾವ ಇವನೇ. ತಿಂಗಳಾದರೂ ಒಂದೂ ಆರ್ಡರಿಲ್ಲ. ಆರ್ಡರ್ ಬಟನ್ ಎಷ್ಟು ಒತ್ತಿದರೂ ಸತ್ತ ಹಲ್ಲಿಯಂತೆ ಬಿದ್ದಿರುತ್ತಿತ್ತು.

"ಇವತ್ತು ಸಂಜೆಯೊಳಗೆ ಆರ್ಡರ್ ಬರದಿದ್ರೆ ಅಂಗಡಿ ಮುಚ್ಚಿ ಹಳೇ ಇಸ್ತ್ರಿ ಕೆಲಸಕ್ಕೇ ಹೋಗ್ತೀನಿ ಕಣೋ," ಎಂದಳು ಅಕ್ಕ. "ಉಳಿದಿರೋದು ಒಂದೇ ಥಾನು ಬಟ್ಟೆ."

"ಬರುತ್ತೆ ಅಕ್ಕ, ಮಾತು ಕೊಡ್ತೀನಿ."

ಗುಮಾಸ್ತ ಪುಟದ ಚಿತ್ರ, ಲಿಂಕ್ ಸಮೇತ ಕೂಟದಲ್ಲಿ ಪ್ರಶ್ನೆ ಹಾಕಿದ. ಮೊದಲ ಪಂಡಿತ, "ಇದನ್ನ ಹಿಂದೆ ಯಾರೋ ಕೇಳಿದಾರೆ, ಹುಡುಕಿ," ಎಂದ. ಎರಡನೆಯವನಿಗೆ ಚಿತ್ರದಲ್ಲಿ ಬಟನ್ನಿನ ನೀಲಿ ಕಂಡೇ ವಾಕರಿಕೆ. ಮೂರನೆಯವನು ಇಡೀ ಸೈಟನ್ನೇ ಕೆಡವಿ ಕಟ್ಟಲು ಹೇಳಿದ. ಆಮೇಲೆ ಅವರವರೇ ಕಚ್ಚಾಡಿದರು, ಮೂಳೆಗೆ ಬಿದ್ದ ನಾಯಿಗಳಂತೆ. ಮೂಳೆ ಯಾವುದೆಂದು ಮಾತ್ರ ಯಾರಿಗೂ ನೆನಪಿರಲಿಲ್ಲ.

ಕೊನೆಗೆ ಹೆಸರಿನ ಪಕ್ಕ ಒಂಬತ್ತು ನಕ್ಷತ್ರ ಹೊತ್ತ 'ಮಹಾಗುರು' ಪ್ರತ್ಯಕ್ಷನಾಗಿ ನಾಲ್ಕು ಸಾಲು ಕೋಡ್ ದಯಪಾಲಿಸಿದ. ಗುಮಾಸ್ತ ಭಕ್ತಿಯಿಂದ ಅಂಟಿಸಿದ. ಪುಟದ ದಿಂಬುಗಳೆಲ್ಲ ತಲೆಕೆಳಗಾದವು.

"ಗುರುಗಳೇ, ನನ್ನ ಪುಟ ಒಂದ್ಸಲ ತೆರೆದು ನೋಡಿದ್ರಾ?"

"ನೋಡಿ ಯಾರು ಬೇಕಾದ್ರೂ ಹೇಳ್ತಾರೆ. ನೋಡದೆ ಹೇಳೋನೇ ಎಕ್ಸ್‌ಪರ್ಟು."

ಗುಮಾಸ್ತ ಆ ಕೋಡನ್ನು ಕಿತ್ತೆಸೆದು, ಹಲ್ಲು ಕಚ್ಚಿ ಒಂದೊಂದೇ ಸಾಲು ಓದಿದ. ಮಧ್ಯಾಹ್ನ ಮೂರು ಗಂಟೆಗೆ ಕಂಡಿತು: ಆರ್ಡರ್ ಹೋಗಬೇಕಾದ ಅಕ್ಕನ ಇಮೇಲನ್ನೇ ಅವನು ಬರೆದಿರಲಿಲ್ಲ. ಬರೆದ. "ಬಟನ್ ಸರಿಹೋಯ್ತು, ಎಲ್ಲರಿಗೂ ಥ್ಯಾಂಕ್ಸ್," ಎಂದು ಕೂಟಕ್ಕೂ ತಿಳಿಸಿ, ಅಲ್ಲೇ ಮೇಜಿಗೆ ತಲೆಯಿಟ್ಟು ನಿದ್ದೆಹೋದ.

ಎದ್ದಾಗ ಅಕ್ಕನ ಫೋನು ಟಿಂಗ್ ಟಿಂಗ್ ಎನ್ನುತ್ತಿತ್ತು. ನಲವತ್ತು ಆರ್ಡರ್. ಅಕ್ಕ ಥಾನನ್ನೆಲ್ಲ ಕತ್ತರಿಸಿ ರಾಶಿ ಹಾಕಿದ್ದಳು.

"ಹೆಸರು ಓದೋ, ವಿಳಾಸದ ಚೀಟಿ ಅಂಟಿಸ್ಬೇಕು."

ಓದಿದ. ಹೆಸರು: ಪರೀಕ್ಷೆ. ವಿಳಾಸ: ಅಆಇಈ. ಎರಡನೆಯದೂ ಪರೀಕ್ಷೆ. ಮೂವತ್ತೊಂಬತ್ತನೆಯದೂ. ಕೆಟ್ಟಿದ್ದಾಗ ಪುಟದತ್ತ ತಲೆಹಾಕದ ಪಂಡಿತರೆಲ್ಲ, ಸರಿಹೋಯಿತೆಂದ ಕೂಡಲೇ ಸಾಲುಗಟ್ಟಿ ಬಂದು ಬಟನ್ ಒತ್ತಿ ನೋಡಿ ಹೋಗಿದ್ದರು. ನಲವತ್ತನೆಯದು ಮಹಾಗುರುವಿನದು: "ಕೆಲಸ ಮಾಡ್ತಿದೆ. ನನ್ನ ಕೋಡು ಅಂದ್ರೆ ಹಾಗೆ."

ಅಕ್ಕ ಪರದೆಯನ್ನೊಮ್ಮೆ, ಬಟ್ಟೆಯ ರಾಶಿಯನ್ನೊಮ್ಮೆ ನೋಡಿ ಕತ್ತರಿ ಕೆಳಗಿಟ್ಟಳು.

"ಸಂಜೆಯೊಳಗೆ ಆರ್ಡರ್ ಬಂತಪ್ಪ. ಕೊಟ್ಟ ಮಾತು ಉಳಿಸ್ಕೊಂಡೆ."