ಕಚೇರಿಯ ಕಂಪ್ಯೂಟರ್ ತಣ್ಣಗಾದದ್ದು

ಜನನ ಮರಣ ನೋಂದಣಿ ಕಚೇರಿಯ ಏಕೈಕ ಕಂಪ್ಯೂಟರಿಗೆ ಮೈ ಬಿಸಿಯಾಗಿದೆ ಎಂಬುದನ್ನು ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಅಧಿಕೃತವಾಗಿ ಒಪ್ಪಿಕೊಳ್ಳಲಾಯಿತು. ಒಂದು ಪ್ರಮಾಣಪತ್ರ ಹೊರಬರಲು ಐದು ನಿಮಿಷ ಬೇಕು. ಕಂಪ್ಯೂಟರ್ ನಾಲ್ಕನೇ ನಿಮಿಷಕ್ಕೆ ಕಾದು ತಾನಾಗಿ ಆರಿಹೋಗುತ್ತಿತ್ತು. ಹೀಗಾಗಿ ಮೂರು ವಾರದಿಂದ ಆ ಊರಿನಲ್ಲಿ ಯಾರೂ ಹುಟ್ಟಿರಲಿಲ್ಲ. ಯಾರೂ ಸತ್ತಿರಲೂ ಇಲ್ಲ. ಅದಕ್ಕಾಗಿ ಮೇಲಿನವರಿಂದ ಮೆಚ್ಚುಗೆಯ ಪತ್ರವೊಂದು ಬಂದಿತ್ತು.

ಸಾಲಿನಲ್ಲಿ ಮೊದಲು ನಿಂತಿದ್ದವಳು ಬಟ್ಟೆ ಹೊಲಿಯುವ ಹೆಂಗಸು, ಜೊತೆಗೆ ಆರು ವರ್ಷದ ಮಗಳು. ಶಾಲೆಗೆ ಸೇರಿಸಲು ಶನಿವಾರವೇ ಕೊನೆಯ ದಿನ. ಕೈಬರಹದ ಹಳೆಯ ಪ್ರಮಾಣಪತ್ರಗಳೆಲ್ಲ ರದ್ದಾಗಿದ್ದವು. ಕಂಪ್ಯೂಟರಿನದೇ ಬೇಕು.

ರಿಪೇರಿಯವನು ಪೆಟ್ಟಿಗೆ ಬಿಚ್ಚಿದ. "ಇದು ಪ್ರೊಸೆಸರ್, ಕಂಪ್ಯೂಟರಿನ ಮಿದುಳು ಇದ್ದ ಹಾಗೆ. ಕಾಯೋದು ಇದೇ. ಮೇಲಿನ ಫ್ಯಾನಿನಲ್ಲಿ ಬೆಕ್ಕಿನಮರಿ ಗಾತ್ರದ ಧೂಳು ಕೂತಿದೆ ಸಾರ್. ಒಂದು ಬ್ರಶ್ ಕೊಡಿ, ತೆಗೆದುಬಿಡ್ತೀನಿ."

"ಧೂಳು ತೆಗೆಯೋಕೆ ಅನುದಾನ ಇಲ್ಲಪ್ಪ," ಎಂದರು ಸಾಹೇಬರು. "ತಂಪು ಮಾಡೋಕೆ ಇದೆ. ಅದನ್ನ ಹೇಳು."

"ಅದಕ್ಕೆ ಎರಡು ದಾರಿ. ದೊಡ್ಡ ಫ್ಯಾನ್ ಹಾಕಿ ಗಾಳಿ ಬಿಡೋದು. ಇಲ್ಲಾಂದ್ರೆ ಕೊಳವೇಲಿ ನೀರಿನಂಥ ದ್ರವ ಹರಿಸಿ ಶಾಖ ಹೊರಗೆ ಸಾಗಿಸೋದು. ಆದ್ರೆ ಇಷ್ಟು ಚಿಕ್ಕ ಕೆಲಸಕ್ಕೆ..."

"ಚಿಕ್ಕದೋ ದೊಡ್ಡದೋ ಸಮಿತಿ ಹೇಳುತ್ತೆ."

ಹೊಲಿಗೆಯವಳು ತಡೆಯಲಾರದೆ, "ಸಾರ್, ನನ್ನ ಸೆರಗಲ್ಲೇ ಒರೆಸಿಬಿಡ್ಲಾ?" ಎಂದಳು.

"ಖಾಸಗಿ ಸೆರಗು ಸರ್ಕಾರಿ ಧೂಳನ್ನ ಮುಟ್ಟೋ ಹಾಗಿಲ್ಲಮ್ಮ."

ಮಂಗಳವಾರ ಸಮಿತಿ ಸೇರಿತು. ಸಾಹೇಬರದು ನೀರಿನ ಪಕ್ಷ. ಅವರ ಭಾವಮೈದ ಅದೇ ಕೊಳವೆಗಳನ್ನು ಮಾರುತ್ತಿದ್ದುದು ಕಾಕತಾಳೀಯ. ಹೆಡ್ ಕ್ಲರ್ಕರದು ಗಾಳಿಯ ಪಕ್ಷ. ಅವರ ಷಡ್ಡಕನಿಗೆ ಫ್ಯಾನಿನ ಅಂಗಡಿ ಇದ್ದುದೂ ಕಾಕತಾಳೀಯವೇ.

"ನಿಮ್ಮ ನೀರು ಸೋರಿದ್ರೆ ಊರಿನವರ ಜನ್ಮವೆಲ್ಲ ಕೊಚ್ಕೊಂಡು ಹೋಗುತ್ತೆ ಸಾರ್."

"ನಿಮ್ಮ ಫ್ಯಾನ್ ಸದ್ದಿಗೆ ಊಟ ಆದ್ಮೇಲೆ ನನಗೆ ಕೆಲಸ ಮಾಡೋಕಾಗಲ್ಲ ರೀ."

ಊಟವಾದ ಮೇಲೆ ಸಾಹೇಬರು ಕಣ್ಣು ಮುಚ್ಚಿಕೊಂಡು ಕೆಲಸ ಮಾಡುತ್ತಾರೆ.

ಬುಧವಾರ ಹೊಲಿಗೆಯವಳು ಮತ್ತೆ ಬಂದಳು. "ಸಾರ್, ನನ್ನ ಮಗಳದ್ದು ಏನಾಯ್ತು?"

"ನಿನ್ನ ಮಗಳ ವಿಷಯಾನೇ ಚರ್ಚೆ ಆಗ್ತಿದೆ. ಗಾಳೀಲಿ ಹುಟ್ಟಬೇಕಾ, ನೀರಲ್ಲಿ ಹುಟ್ಟಬೇಕಾ ಅಂತ."

"ಹುಟ್ಟಿ ಆಗಿದೆ ಸಾರ್, ಹಲ್ಲೂ ಬಿದ್ದಿದೆ. ಪುಟ್ಟಿ, ಬಾಯಿ ತೆಗೆದು ತೋರಿಸು."

ಹುಡುಗಿ ತೋರಿಸಿದಳು. ಹಲ್ಲಿನ ವಿಷಯವು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲವೆಂದು ಹೆಡ್ ಕ್ಲರ್ಕರು ಕಡತದಲ್ಲಿ ಬರೆದರು.

ಗುರುವಾರ ಎರಡೂ ಪಕ್ಷಗಳು ಸಾರ್ವಜನಿಕ ಹಿತದೃಷ್ಟಿಯಿಂದ ರಾಜಿಯಾಗಿ, ಎರಡನ್ನೂ ಕೊಂಡವು. ಶುಕ್ರವಾರ ಜೋಡಿಸಲು ಕೂತಾಗ ಪೆಟ್ಟಿಗೆಯಲ್ಲಿ ಜಾಗ ಸಾಲಲಿಲ್ಲ. ನಿಯಮದ ಪ್ರಕಾರ ನೋಡಿದರೆ ಫ್ಯಾನಿಗೆ ಮಂಜೂರಾತಿ ಇತ್ತು, ಕೊಳವೆಗೂ ಇತ್ತು. ಪ್ರೊಸೆಸರಿನ ಹೆಸರು ಆದೇಶದಲ್ಲಿ ಎಲ್ಲೂ ಇರಲಿಲ್ಲ. ಅದನ್ನು ಹೊರತೆಗೆಯಲಾಯಿತು.

"ಸಾರ್, ಅದನ್ನೇ ತೆಗೆದ್ರೆ ಬಿಸಿಯಾಗೋಕೆ ಒಳಗೆ ಏನಿರುತ್ತೆ?" ಎಂದ ರಿಪೇರಿಯವನು.

"ಅದೇ ಅಲ್ವೇನಪ್ಪ ನಮಗೆ ಬೇಕಾಗಿದ್ದು?"

ರಿಪೇರಿಯವನು ಕಿವಿ ಕೆರೆದುಕೊಂಡು ಯೋಚಿಸಿ, ತಾಂತ್ರಿಕವಾಗಿ ಇದರಲ್ಲಿ ದೋಷವಿಲ್ಲವೆಂದು ಸಹಿ ಹಾಕಿದ. ಬಾಗಿಲಿಗೆ ಪ್ರಕಟಣೆ ಅಂಟಿಸಲಾಯಿತು: "ಕಂಪ್ಯೂಟರ್ ತಂಪಾಗಿದೆ. ಸಾರ್ವಜನಿಕರು ಮುಟ್ಟಿ ನೋಡಿ, ತೃಪ್ತರಾಗಿ, ಪುಸ್ತಕದಲ್ಲಿ ಸಹಿ ಮಾಡತಕ್ಕದ್ದು." ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಮುಟ್ಟಿದರು. ಮೂರು ವಾರ ಕಾದಿದ್ದಕ್ಕೂ ಸಾರ್ಥಕವಾಯಿತು ಎಂದು ಕೆಲವರು ಮಾತಾಡಿಕೊಂಡರು.

ಶನಿವಾರ ಹೊಲಿಗೆಯವಳೂ ಮುಟ್ಟಿದಳು. "ತಣ್ಣಗಿದೆ ಸಾರ್. ಪ್ರಮಾಣಪತ್ರ?"

"ಅದು ಬರಬೇಕಾದ್ರೆ ಕಂಪ್ಯೂಟರ್ ಬಿಸಿಯಾಗುತ್ತಮ್ಮ. ಇಷ್ಟು ಕಷ್ಟಪಟ್ಟು ತಣ್ಣಗೆ ಮಾಡಿದ್ದೀವಿ, ನೀನೇ ಹೇಳು."

ಆದರೂ ಬರಿಗೈಯಲ್ಲಿ ಕಳಿಸಬಾರದೆಂದು ಮೊಹರು ಒತ್ತಿದ ಕಾಗದವೊಂದನ್ನು ಕೊಟ್ಟರು: "ಸದರಿ ಮಗುವು ಕಂಪ್ಯೂಟರಿನಿಂದ ಹೊರಬರುವವರೆಗೆ ಹುಟ್ಟಿಲ್ಲವೆಂದು ಭಾವಿಸತಕ್ಕದ್ದು."

ಶಾಲೆಯ ಮುಖ್ಯೋಪಾಧ್ಯಾಯಿನಿ ಅದನ್ನು ಎರಡು ಸಲ ಓದಿದರು. ಅವರ ಮುಖ ಅರಳಿತು. "ಹುಟ್ಟೇ ಇಲ್ಲ ಅಂದ್ಮೇಲೆ ವಯಸ್ಸು ಮೀರೋ ಭಯ ಇಲ್ವಲ್ಲಮ್ಮ! ಯಾವಾಗ ಬೇಕಾದ್ರೂ ಬನ್ನಿ." ದಾಖಲಾತಿ ಪುಸ್ತಕ ಮುಚ್ಚಿತು.

ಮನೆಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಹುಡುಗಿಗೆ ಹಾಫ್ ಟಿಕೆಟ್ ತೆಗೆದುಕೊಳ್ಳಲು ಹೇಳಿದ. ಹೊಲಿಗೆಯವಳು ಕಾಗದ ಚಾಚಿದಳು. ಅವನು ಓದಿ, ಗೌರವದಿಂದ ಮಡಚಿ ಹಿಂದಕ್ಕೆ ಕೊಟ್ಟ. "ಹುಟ್ಟದವರಿಗೆ ಟಿಕೆಟ್ ಇಲ್ಲಮ್ಮ. ಹಾಗೇ ಸೀಟೂ ಇಲ್ಲ. ಮಡಿಲಲ್ಲಿ ಕೂರಿಸ್ಕೊಳ್ಳಿ."

ಹುಡುಗಿ ಎದ್ದು ಅಮ್ಮನ ಮಡಿಲಿಗೆ ಬಂದಳು. "ಅಮ್ಮಾ, ಮತ್ತೆ ನಾನು ಹುಟ್ಟೋದು ಯಾವಾಗ?"

"ಸಾಹೇಬ್ರ ಕಂಪ್ಯೂಟರ್ ಬಿಸಿಯಾದಾಗ."

ಮುಂದಿನ ಸೀಟಿನಲ್ಲಿದ್ದ ಹೆಂಗಸು ತಿರುಗಿ ಹುಡುಗಿಯ ಕೆನ್ನೆ ಸವರಿದಳು. "ಬೇಜಾರು ಮಾಡ್ಕೋಬೇಡ ಕಣೇ ಮಗೂ. ನಮ್ಮತ್ತೆಯವ್ರೂ ಸಾಯೋಕೆ ಅದನ್ನೇ ಕಾಯ್ತಿದ್ದಾರೆ. ಮಣ್ಣು ಮಾಡಿ ಹದಿನೈದು ದಿನ ಆಯ್ತು."