ಬೆನ್ನಿಗೊಂದು ಚೀಲ, ಕೈಯಲ್ಲೊಂದು ಡಬ್ಬಿ

ಊರು ತಿರುಗಲು ಹೋದವರು ಕೆಲವರು ಫೋಟೋ ತರುತ್ತಾರೆ, ಕೆಲವರು ಪ್ರಸಾದ ತರುತ್ತಾರೆ. ನಾನು ಮಾತ್ರ ಪ್ರತಿ ಸಲವೂ ಒಂದು ಫಜೀತಿ ಹೊತ್ತುಕೊಂಡು ಬರುತ್ತೇನೆ. ಬೇಡವೆಂದರೂ ಅದು ನನ್ನ ಚೀಲ ಹುಡುಕಿಕೊಂಡು ಬಂದು ಕೂರುತ್ತದೆ.

ನಾನು ಹುನಗುಂದದ ಒಂದು ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದ ಅಕ್ಕೋರು. ಮನೆ ಇಳಕಲ್ಲಿನಲ್ಲಿ. ಮೂವತ್ತು ವರ್ಷ ಕೋಲು ಹಿಡಿದು ಗೋಡೆಯ ನಕಾಶೆಯ ಮೇಲೆ ಹಿಮಾಲಯದಿಂದ ಕನ್ಯಾಕುಮಾರಿಯವರೆಗೆ ದಿನಾ ಓಡಾಡಿದೆ. ಖರೆ ಹೇಳಬೇಕೆಂದರೆ ಸೊಲ್ಲಾಪುರ ದಾಟಿರಲಿಲ್ಲ. ಒಂದು ದಿನ ಬ್ರಹ್ಮಪುತ್ರಾ ನದಿಯ ಪಾಠ. ‘ಅದು ಎಷ್ಟು ಅಗಲ ಅಂದರೆ, ನಮ್ಮ ಕೃಷ್ಣೆಯ ಹಾಗೆ...’ ಎಂದು ಶುರು ಮಾಡಿದವಳು ನಿಂತುಬಿಟ್ಟೆ. ಕೃಷ್ಣೆಯ ಹಾಗೋ, ಅಲ್ಲವೋ, ನನಗೇನು ಗೊತ್ತು? ಭಾಳ ನಾಚಿಕೆಯಾಯಿತು. ಸಂಜೆ ಇಳಕಲ್ಲಿನ ಬಸ್ಸಿನಲ್ಲಿ ನಿಂತುಕೊಂಡೇ ಹಟ ತೊಟ್ಟೆ. ನಿವೃತ್ತಿಯಾಗುವುದರೊಳಗೆ ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ, ಮಧ್ಯ, ಈಶಾನ್ಯ ಎಂದು ದೇಶದ ಆರೂ ಭಾಗಗಳಲ್ಲಿ ಕಾಲಿಟ್ಟು ಬರಬೇಕು. ಶಾಲೆಯ ರಜೆಯಲ್ಲಿ, ಸ್ಲೀಪರ್ ಬೋಗಿಯಲ್ಲಿ, ಬೆನ್ನಿಗೆ ಒಂದೇ ಚೀಲ, ಮಲಗಲು ಧರ್ಮಶಾಲೆ. ಸಂಬಳದಲ್ಲಿ ಅದಕ್ಕಿಂತ ಹೆಚ್ಚಿನದು ಆಗುವ ಹಾಗಿರಲಿಲ್ಲ.

ನಮ್ಮ ಯಜಮಾನರದು ಮಗ್ಗದ ಸಾಮಾನಿನ ಅಂಗಡಿ. ಅವರ ದೇಶಾಟನೆ ಎಂದರೆ ಪ್ರತಿ ಶನಿವಾರ ತುಳಸಿಗೇರಿಯ ಹಣಮಪ್ಪನ ಗುಡಿಗೆ ಹೋಗಿ ಬರುವುದು, ಅಷ್ಟೇ. ಅವರಿಗೆ ಇರುವ ಇನ್ನೊಂದು ನೇಮ, ಯಾರ ಮನೆಯ ಪಾತ್ರೆಯನ್ನೂ ಖಾಲಿ ತಿರುಗಿಸಬಾರದು ಎಂಬುದು. ಇದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದ್ದದ್ದೇ, ಆದರೆ ಇವರದು ಅತಿ. ಕಮತಗಿಯ ಬೀಗರ ಬೋಗುಣಿಯನ್ನು ಒಮ್ಮೆ ನಾನು ತೊಳೆದು ಹಾಗೇ ಕೊಟ್ಟುಬಂದಿದ್ದೆ. ಅದು ತಿಳಿದು ಮರುದಿನ ಬೆಳಿಗ್ಗೆ ಒಂದು ಹಿಡಿ ಸಕ್ಕರೆ ಕಟ್ಟಿಕೊಟ್ಟು, ನನ್ನನ್ನು ಮತ್ತೆ ಕಮತಗಿಯ ಬಸ್ಸು ಹತ್ತಿಸಿದವರು ಇವರು.

ನನ್ನ ಹಟ ಕೇಳಿ ನಕ್ಕರು.

“ನಕಾಶಿಯೊಳಗ ದಿನಾ ನೋಡ್ತಿಯಲ್ಲ, ಮತ್ತ ಹೋಗಿ ನೋಡೂದೇನೈತಿ? ಆತು, ಹೋಗು. ಆದ್ರ ರಿಟೈರ್ ಆಗೂದ್ರೊಳಗ ಆರೂ ಮುಗೀಲಿಲ್ಲಂದ್ರ ಚೀಲ ಗೂಟಕ್ಕ ಹಾಕಿ, ಅಂಗಡ್ಯಾಗ ಬಂದು ಕುಂದ್ರಬೇಕು. ಮಾತು ಅಂದ್ರ ಮಾತು.”

“ಮಾತು ಅಂದ್ರ ಮಾತು” ಎಂದೆ.

೧. ಬಾದಾಮಿಯ ತಾಲೀಮು

ಚೀಲವನ್ನೇನೋ ಕೊಂಡೆ. ಹೊತ್ತು ರೂಢಿಯಾಗಬೇಕಲ್ಲ. ಒಂದು ಭಾನುವಾರ ಅದರ ತುಂಬ ಜೋಳ ತುಂಬಿಕೊಂಡು ಬಾದಾಮಿಗೆ ಹೋಗಿ ಗುಹೆಗಳ ಮೆಟ್ಟಿಲು ಹತ್ತತೊಡಗಿದೆ. ಎರಡನೆಯ ಗುಹೆ ದಾಟುವ ಹೊತ್ತಿಗೆ ಭಾರ ಹಗುರವಾದಂತೆ ಅನ್ನಿಸಿತು. ಎಷ್ಟು ಬೇಗ ರೂಢಿಯಾಯಿತಲ್ಲ ಎಂದು ನನ್ನ ಬಗ್ಗೆ ನನಗೇ ಹೆಮ್ಮೆ ಬಂತು.

ತಿರುಗಿ ನೋಡಿದರೆ ಒಂದು ಮಂಗ ಚೀಲದ ಜಿಪ್ಪು ಎಳೆದಿದೆ. ನಾನು ಹತ್ತಿ ಬಂದ ದಾರಿಯುದ್ದಕ್ಕೂ ಜೋಳ ಚೆಲ್ಲಿದೆ, ಅದರ ಮೇಲೆ ಬಾದಾಮಿಯ ಮಂಗಗಳೆಲ್ಲ ಪಂಕ್ತಿ ಕೂತಿವೆ. ಹಿಂದೆ ಬರುತ್ತಿದ್ದ ಹೆಂಗಸೊಬ್ಬಳು ಭಕ್ತಿಯಿಂದ ಕೇಳಿದಳು.

“ಯಾವ ಹರಕಿರೀ ಬಾಯಾರ?”

ನನಗೆ ಏದುಸಿರು. “ದೇಶ... ತಿರುಗೂದೈತ್ರಿ” ಎಂದಷ್ಟೇ ಹೇಳಲಾಯಿತು. ಅವಳು ಒಂದು ಹಿಡಿ ಜೋಳ ಬಳಿದುಕೊಂಡು ಕಣ್ಣಿಗೊತ್ತಿಕೊಂಡು, “ನಮ್ಮ ಮಗಳಿಗೂ ದೂರ ಹೋಗೂ ಯೋಗ ಬರ್ಲೆವ್ವಾ” ಎಂದು ಮಂಗಗಳಿಗೆ ಎಸೆದಳು. ನಾನು ಇಳಿದು ಬರುವ ಹೊತ್ತಿಗೆ ಮೂರು ಸಂಸಾರದವರು ಕೆಳಗೆ ನಿಂತು, ಜೋಳ ಎಲ್ಲಿ ಸಿಗುತ್ತದೆ ಎಂದು ವಿಚಾರಿಸುತ್ತಿದ್ದರು.

ನಡೆದದ್ದನ್ನು ನಾಚಿಕೆಗೆ ಮನೆಯಲ್ಲಿ ಹೇಳಲಿಲ್ಲ. ಹದಿನೈದು ದಿನ ಕಳೆದ ಮೇಲೆ ಯಜಮಾನರು ಅಂಗಡಿಯಿಂದ ಹೊಸ ಸುದ್ದಿ ತಂದರು.

“ಬನಶಂಕರಿ ಗಿರಾಕಿ ಒಬ್ಬ ಹೇಳಿದ. ಬಾದಾಮಿ ಮೆಟ್ಟಲ ಮ್ಯಾಲ ಜೋಳ ಚೆಲ್ಲಿದ್ರ ದೂರದೇಶದ ಯೋಗ ಬರ್ತೈತಂತ. ಹಿಂದಿನಿಂದ ನಡಕೊಂಡು ಬಂದದ್ದಂತ. ನೀನೂ ಒಮ್ಮಿ ಚೆಲ್ಲಿ ಬಾ. ಸುಮ್ನ ಚೀಲ ಹೊತ್ತು ಯಾಕ ಸಾಯ್ತಿ?”

೨. ಎರಡು ಬೆರಳು

ಮೊದಲು ದಕ್ಷಿಣ ಮುಗಿಸಿದೆ. ಅಲ್ಲಿ ನನ್ನ ಖಡಕ್ ರೊಟ್ಟಿಗಳು ಕಡಲ ಗಾಳಿಗೆ ಮೆತ್ತಗಾದದ್ದು ಬಿಟ್ಟರೆ ಹೇಳುವಂಥದ್ದೇನೂ ಆಗಲಿಲ್ಲ. ಆಮೇಲೆ ಪಶ್ಚಿಮ.

ನನ್ನ ಪ್ರಯಾಣದ ಲೆಕ್ಕವೆಲ್ಲ ಶಾಲೆಯ ಗೋಡೆ ನಕಾಶೆಯ ಮೇಲೆ ಬೆರಳಿಟ್ಟು ಮಾಡಿದ್ದು. ಅಹಮದಾಬಾದಿನಿಂದ ಕಛ್‌ನ ಬಿಳಿ ಉಪ್ಪಿನ ಬಯಲಿಗೆ ಎರಡೇ ಬೆರಳು. ಹುನಗುಂದದಿಂದ ಇಳಕಲ್ಲಿನ ದೂರವಂತೂ ನಕಾಶೆಯ ಮೇಲೆ ಕಾಣುವುದೇ ಇಲ್ಲ. ಹಾಗಾಗಿ ಎರಡು ಬೆರಳೆಂದರೆ ಬಹಳವೆಂದರೆ ಬಾಗಲಕೋಟೆಗೆ ಹೋದಷ್ಟು ಎಂದುಕೊಂಡು, ಮಧ್ಯಾಹ್ನದ ಊಟಕ್ಕೆ ತಿರುಗಿ ಬರುತ್ತೇನೆಂದು ಧರ್ಮಶಾಲೆಯಲ್ಲಿ ಹೇಳಿ ಬೆಳಿಗ್ಗೆ ಬಸ್ಸು ಹತ್ತಿದೆ.

ಊಟದ ಹೊತ್ತಾಯಿತು, ಚಹದ ಹೊತ್ತಾಯಿತು, ಬಸ್ಸು ಹೋಗುತ್ತಲೇ ಇದೆ. ತಾಸಿಗೊಮ್ಮೆ ಕಂಡಕ್ಟರನನ್ನು ಕೇಳಿದೆ. ಕೊನೆಗೆ ತಡೆಯಲಾರದೆ ನನ್ನ ಹರಕುಮುರುಕು ಹಿಂದಿಯಲ್ಲಿ ಜಗಳಕ್ಕೇ ನಿಂತೆ. ಬಸ್ಸು ದಾರಿ ತಪ್ಪಿದೆ, ನಾನು ಭೂಗೋಳದ ಟೀಚರು, ನಕಾಶೆಯಲ್ಲಿ ಇದು ಎರಡೇ ಬೆರಳು ಎಂದು ಕೈ ಎತ್ತಿ ತೋರಿಸಿದೆ.

ಡ್ರೈವರು ಕನ್ನಡಿಯಲ್ಲಿ ನನ್ನ ಬೆರಳುಗಳನ್ನು ನೋಡಿದ. ಕೋಪ ಮಾಡಿಕೊಳ್ಳಲಿಲ್ಲ, ಬಹಳ ಮರ್ಯಾದೆಯಿಂದಲೇ ಕೇಳಿದ. “ಅಮ್ಮಾ, ಅಳೆದದ್ದು ಈ ಬೆರಳಿಂದಲೋ, ಕುಂಭಕರ್ಣನ ಬೆರಳಿಂದಲೋ?”

೩. ಜೋಡಿ

ಮಧ್ಯಭಾಗದ ಒಂದು ಧರ್ಮಶಾಲೆಯಲ್ಲಿ ಒಂಟಿ ಹೆಂಗಸಿಗೆ ಕೋಣೆ ಇಲ್ಲ ಎಂದರು. ನಾನು ಬಾಗಿಲಲ್ಲೇ ಚೀಲ ಇಳಿಸಿ ಅದರ ಮೇಲೆ ಕೂತೆ. ಬೇಕಾದರೆ ನಮ್ಮ ಯಜಮಾನರನ್ನೇ ಕೇಳಿ ಎಂದು ಫೋನು ಹಚ್ಚಿ ಮ್ಯಾನೇಜರನ ಕೈಗೆ ಕೊಟ್ಟೆ.

ನಮ್ಮವರಿಗೆ ಬರುವ ಹಿಂದಿ ಒಂದೇ, “ಹಾಂಜಿ”. ಇವರು ನಿಮ್ಮ ಹೆಂಡತಿಯೋ? ಹಾಂಜಿ. ನೀವೂ ಬರುತ್ತಿದ್ದೀರೋ? ಹಾಂಜಿ. ರಾತ್ರಿ ಊಟಕ್ಕೆ ಇರುತ್ತೀರೋ? ಹಾಂಜಿ. ಮ್ಯಾನೇಜರನಿಗೆ ಸಮಾಧಾನವಾಗಿ ಜೋಡಿ ಕೋಣೆ ಕೊಟ್ಟ, ಊಟಕ್ಕೆ ಎರಡು ತಾಟು ಹಾಕಿಸಿದ. ಯಜಮಾನರ ಗಾಡಿ ತಡವಾಗಿದೆಯೆಂದು ನಾನು ಮುಖ ಸಣ್ಣ ಮಾಡಿಕೊಂಡು, ಅವರ ಪಾಲಿನ ಪೂರಿಯನ್ನೂ ತಿಂದು ಮುಗಿಸಿದೆ. ಸಂಸಾರ ಅಂದಮೇಲೆ ಗಂಡನ ಭಾರ ಹೆಂಡತಿ ಹೊರದೆ ಇನ್ಯಾರು ಹೊರಬೇಕು?

೪. ತಪಾಸಣೆ

ಉತ್ತರಕ್ಕೆ ಹೋಗುವಾಗ ಅರವತ್ತು ಖಡಕ್ ರೊಟ್ಟಿ ಒಯ್ದಿದ್ದೆ. ಅದರ ಜೊತೆಗೆ ರಂಜಕ, ಅಂದರೆ ಕೆಂಪು ಮೆಣಸಿನಕಾಯಿಗೆ ಬೆಳ್ಳುಳ್ಳಿ ಹಾಕಿ ಅರೆದದ್ದು. ಒಂದು ದೊಡ್ಡ ಸ್ಟೇಷನ್ನಿನ ತಪಾಸಣೆಯಲ್ಲಿ ಚೀಲ ಯಂತ್ರದೊಳಗೆ ಹೋಗಿ ಅಲ್ಲೇ ನಿಂತಿತು. ಪರದೆಯ ಮೇಲೆ ಕಂಬದಂತೆ ಏನೋ ಒಂದು ಕಂಡಿತಂತೆ. ಮಹಿಳಾ ಪೊಲೀಸ್ ಒಬ್ಬರು ಬಂದು ಗಂಟು ಬಿಚ್ಚಿಸಿದರು.

“ಇದು ಊಟ” ಎಂದೆ.

ಅವರು ರೊಟ್ಟಿಯನ್ನು ಮೇಜಿಗೆ ಬಡಿದು ನೋಡಿದರು. ಟಕ್ ಎಂದಿತು. “ಊಟ ಶಬ್ದ ಮಾಡುತ್ತದೆಯೇ?” ಎಂದರು.

ನಾನೇ ಮುರಿದು, ರಂಜಕ ಹಚ್ಚಿ ತಿಂದು ತೋರಿಸಿದೆ. ಅಷ್ಟಕ್ಕೇ ಬಿಡಬೇಕಿತ್ತು. ನಮ್ಮ ಬುದ್ಧಿ ಎಲ್ಲಿ ಬಿಡುತ್ತದೆ? ಎದುರು ನಿಂತವರನ್ನು ಬಿಟ್ಟು ತಿಂದರೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. “ತಗೋರಿ, ನೀವೂ ಒಂದ ತುತ್ತು” ಎಂದು ಅವರಿಗೂ ಹಚ್ಚಿಕೊಟ್ಟೆ. ಅವರು ಬೆರಳ ತುದಿಯಲ್ಲಲ್ಲ, ಇಡೀ ತುಣುಕಿನಲ್ಲಿ ರಂಜಕ ಬಳಿದುಕೊಂಡು ಬಾಯಿಗಿಟ್ಟರು.

ಕಣ್ಣು, ಮೂಗು ಎಲ್ಲ ಹರಿಯಿತು. ಎರಡು ಬಾಟಲಿ ನೀರು ಕುಡಿದು ಸುಧಾರಿಸಿಕೊಂಡ ಮೇಲೆ ರೊಟ್ಟಿಯ ಗಂಟನ್ನು ನನ್ನ ಕಡೆ ತಳ್ಳಿದರು. ರಂಜಕದ ಡಬ್ಬಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಯಂತ್ರದ ಮುಂದೆ ಕೂತವನಿಗೆ ಹೇಳಿದರು. “ಯಂತ್ರ ಸರಿಯಾಗಿಯೇ ಇದೆ.”

೫. ಡಬ್ಬಿ

ಪೂರ್ವವೂ ಮುಗಿದು ಐದಾಯಿತು. ಉಳಿದದ್ದು ಈಶಾನ್ಯ ಒಂದೇ. ಅಷ್ಟರಲ್ಲಿ ನಿವೃತ್ತಿ ಹೊಸ್ತಿಲಿಗೆ ಬಂದಿತ್ತು. ಕೈಯಲ್ಲಿದ್ದದ್ದು ಕೊನೆಯ ದಸರೆ ರಜೆ. ಗುವಾಹಟಿಯಿಂದ ತಿರುಗಿ ಬರುವ ಟಿಕೆಟ್ಟಿನ ದಿನವೂ ನಿಗದಿಯಾಗಿತ್ತು. ಹೊರಡುವಾಗ ಯಜಮಾನರು ಅಂಗಡಿಯಲ್ಲಿ ಹೊಸ ಕುರ್ಚಿ ಹಾಕಿಸಿದ್ದರು. “ನಿನಗ ಅಂತನ ತರಿಸೇನಿ” ಎಂದು ಬೆನ್ನು ತಟ್ಟಿ ತೋರಿಸಿದರು. ಕುರ್ಚಿಯ ಬೆನ್ನು, ನನ್ನದಲ್ಲ.

ಕೋಲ್ಕತ್ತದಿಂದ ಹೊರಟ ಗಾಡಿಯಲ್ಲಿ ಎದುರಿಗೆ ಒಬ್ಬ ಬಂಗಾಳಿ ಅಜ್ಜಿ. ಅವರ ಹಿಂದಿ ನನ್ನದಕ್ಕಿಂತ ಬಡವು, ಹಾಗಾಗಿ ಇಬ್ಬರಿಗೂ ಚೆನ್ನಾಗಿ ತಿಳಿಯುತ್ತಿತ್ತು. ಸ್ಟೀಲಿನ ಸಣ್ಣ ಡಬ್ಬಿಯಲ್ಲಿದ್ದ ಕೊಬ್ಬರಿ ಉಂಡೆಗಳನ್ನು ನನ್ನ ಮಡಿಲಲ್ಲಿಟ್ಟು ತಿನ್ನು ಎಂದರು. ತಿನ್ನುತ್ತಾ ಮಾತಾಡುತ್ತಾ ನಾನು ನಿದ್ದೆ ಹೋದೆ. ಎಚ್ಚರವಾದಾಗ ಗಾಡಿ ಉತ್ತರ ಬಂಗಾಳದ ಒಂದು ಸ್ಟೇಷನ್ನಿನಲ್ಲಿ ನಿಂತಿದೆ, ಅಸ್ಸಾಂ ಇನ್ನು ಎರಡು ತಾಸು. ಅಜ್ಜಿ ಪ್ಲಾಟ್‌ಫಾರ್ಮಿನಲ್ಲಿ ನಡೆದು ಹೋಗುತ್ತಿದ್ದಾರೆ. ಡಬ್ಬಿ ನನ್ನ ಮಡಿಲಲ್ಲೇ ಇದೆ.

ಕಿಟಕಿಯಿಂದ ಕೂಗಿ ಎಸೆದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಡಬ್ಬಿ ಖಾಲಿ! ಕಮತಗಿಯ ಬೋಗುಣಿ ಕಣ್ಣ ಮುಂದೆ ಬಂತು. ಚೀಲ ಬಿಚ್ಚಿ, ಅಡಿಯಲ್ಲಿದ್ದ ಶೇಂಗಾ ಚಟ್ನಿಪುಡಿ ಹುಡುಕಿ, ಚೆಲ್ಲದಂತೆ ಡಬ್ಬಿಗೆ ತುಂಬಿ, ಮುಚ್ಚಳ ಒತ್ತಿ, ಚೀಲ ಬೆನ್ನಿಗೇರಿಸಿಕೊಂಡು ಇಳಿದು ಓಡಿದೆ. ಅಜ್ಜಿಯ ಕೈಗೆ ಡಬ್ಬಿ ಇಟ್ಟೆ. ಅವರು ಮುಚ್ಚಳ ತೆರೆದು ನೋಡಿ ನಕ್ಕರು. ನಾನೂ ನಕ್ಕೆ. ನಗುತ್ತಾ ತಿರುಗಿದರೆ ಗಾಡಿಯ ಕೊನೆಯ ಬೋಗಿ ಹೋಗುತ್ತಿತ್ತು.

ಅಲ್ಲೇ ಬೆಂಚಿನ ಮೇಲೆ ಕೂತು ಅತ್ತೆ. ಗುವಾಹಟಿಯಿಂದ ತಿರುಗುವ ಟಿಕೆಟ್ಟು ಮರುದಿನ ರಾತ್ರಿಗೇ ಇತ್ತು. ಐದು ಭಾಗ ಗೆದ್ದವಳು ಒಂದು ಡಬ್ಬಿಗಾಗಿ ಆರನೆಯದನ್ನು ಕಳೆದುಕೊಂಡೆನಲ್ಲ! ಇಳಕಲ್ಲಿನ ಆ ಕುರ್ಚಿ ಅಲ್ಲಿಂದಲೇ ನನ್ನನ್ನು ಕರೆಯುವಂತೆ ಕಾಣತೊಡಗಿತು. ಅಜ್ಜಿ ನನ್ನ ಕೈ ಹಿಡಿದು ಮನೆಗೆ ಕರೆದೊಯ್ದು ಅನ್ನ, ಸಾರು ಹಾಕಿದರು. ಮುಂದಿನ ಗಾಡಿಗಳಲ್ಲೆಲ್ಲ ಹಬ್ಬದ ನೂಕುನುಗ್ಗಲು, ಜಾಗವಿರಲಿಲ್ಲ. ಸೋಲಬಾರದು ಎಂದು ರಾತ್ರಿಯೆಲ್ಲ ನನಗೆ ನಾನೇ ಹೇಳಿಕೊಂಡೆ. ಬೆಳಗಾಗುತ್ತಲೇ ಬಸ್ ಸ್ಟ್ಯಾಂಡ್ ಎಲ್ಲಿ ಎಂದು ಕೇಳಿದೆ.

ಅಜ್ಜಿ ಹೊಸ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು, ತಾವೂ ಬರುತ್ತೇನೆಂದು. ಅಷ್ಟು ಹತ್ತಿರ ಇದ್ದೂ ಅವರು ಅಸ್ಸಾಂ ಗಡಿ ದಾಟಿಯೇ ಇರಲಿಲ್ಲವಂತೆ! ಗಡಿಯ ಊರಿನಲ್ಲಿ ಇಬ್ಬರೂ ಇಳಿದೆವು. ಕೈ ಕೈ ಹಿಡಿದುಕೊಂಡು, ನಾನು ಬಲಗಾಲು, ಅವರು ಎಡಗಾಲು ಇಟ್ಟು ಅಸ್ಸಾಂ ಹೊಕ್ಕೆವು. ಅಜ್ಜಿ ಚಹ ಕುಡಿದು ತಮ್ಮೂರಿಗೆ ತಿರುಗಿದರು. ನಾನು ಬಸ್ಸು ಬದಲಿಸುತ್ತಾ ಗುವಾಹಟಿ ಮುಟ್ಟಿದೆ. ಬ್ರಹ್ಮಪುತ್ರೆಯ ದಂಡೆಯಲ್ಲಿ ಅರ್ಧ ತಾಸು ಕೂರಲು ಸಿಕ್ಕಿತು. ಆಚೆ ದಡ ಎಲ್ಲಿದೆ ಎಂದು ಕಣ್ಣು ಕಿರಿದು ಮಾಡಿ ನೋಡಿದೆ. ನಮ್ಮ ಕೃಷ್ಣೆಯ ಹಾಗಲ್ಲ. ಅಂದು ತರಗತಿಯಲ್ಲಿ ಅರ್ಧಕ್ಕೆ ನಿಂತಿದ್ದ ಆ ವಾಕ್ಯ ಮುಗಿಯಿತು.

ಊರಿಗೆ ಬಂದು ಗೆದ್ದ ಠೀವಿಯಲ್ಲಿ ಯಜಮಾನರ ಮುಂದೆ ಚೀಲ ಬಿಚ್ಚಿದೆ. ಬಟ್ಟೆಗಳ ನಡುವಿನಿಂದ ಟಣ್ ಎಂದು ಏನೋ ಉರುಳಿತು. ಅಜ್ಜಿಯ ಡಬ್ಬಿ! ನನಗೆ ಗೊತ್ತಾಗದಂತೆ ಕೊಬ್ಬರಿ ಉಂಡೆ ತುಂಬಿ ಒಳಗಿಟ್ಟುಬಿಟ್ಟಿದ್ದರು.

ಯಜಮಾನರು ನನ್ನ ಕಥೆ ಕೇಳುತ್ತಾ ಒಂದೊಂದೇ ಉಂಡೆ ತಿಂದರು. ಎಲ್ಲ ಮುಗಿದ ಮೇಲೆ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಇದನ್ನ ತಿರುಗಿ ಕೊಡಬೇಕಲ್ಲ” ಎಂದರು.

“ಹೂಂರಿ.”

“ಖಾಲಿ ಕೊಡೂ ಹಂಗಿಲ್ಲ.”

“ಇಲ್ಲರಿ.”

“ಪೋಸ್ಟಿಗೆ ಹಾಕಿದ್ರ?”

“ಸ್ಟೇಷನ್ನಿನ ಹಿಂದ ಮನಿ ಅನ್ನೂದು ಗೊತ್ತೈತಿ. ವಿಳಾಸ ಯಾರಿಗೆ ಗೊತ್ತು?”

ಅವರು ಡಬ್ಬಿಗೆ ಮುಚ್ಚಳ ಹಾಕಿದರು. “ಎಷ್ಟ ದೂರ ಆಗ್ತೈತಿ?” ಎಂದು ಕೇಳಿದರು.

“ನಕಾಶಿಯೊಳಗ ಒಂದೂವರಿ ಗೇಣು.”

ಡಬ್ಬಿಯನ್ನು ದೇವರ ಮಾಡದಲ್ಲಿ ಇಟ್ಟು, ಗೂಟದಲ್ಲಿ ತೂಗುತ್ತಿದ್ದ ತಮ್ಮ ಶನಿವಾರದ ಕೈಚೀಲ ತೆಗೆದು ಧೂಳು ಕೊಡವಿದರು.

“ನಾಳೆ ತುಳಸಿಗೇರಿಗೆ ಹೋಗಿ ಹಣಮಪ್ಪಗ ಹೇಳಿ ಬರ್ತೇನಿ, ಬ್ಯಾಸಗ್ಯಾಗ ಎರಡು ಶನಿವಾರ ನನ್ನ ದಾರಿ ನೋಡಬ್ಯಾಡಂತ. ಅಲ್ಲಿಂದ ಹಂಗ ಬಾದಾಮಿಗೆ ಹೋಗಿ, ನಾಕು ಹಿಡಿ ಜೋಳಾನೂ ಚೆಲ್ಲಿ ಬರ್ತೇನಿ.”