ತುತ್ತೂರಿ ಬಳ್ಳಿಗೆ ಮೆಣಸಿನ ಉಪಚಾರ

ಹೂ ಬಿಟ್ಟಿತು! ನಮ್ಮ ಮನೆಯ ತುತ್ತೂರಿ ಹೂವಿನ ಬಳ್ಳಿ ಕೊನೆಗೂ ಹೂ ಬಿಟ್ಟಿತು! ಒಂದೆರಡಲ್ಲ, ಗೊಂಚಲು ಗೊಂಚಲು, ಕೆಂಡದ ಬಣ್ಣ! ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನು ಬಾಯಲ್ಲಿ ನೊರೆ ಇರುವಾಗಲೇ ಮೊಮ್ಮಗಳು ಸುಮಳಿಗೆ ಫೋನು ಮಾಡಿದೆ.

"ತಾತ, ಮೊದ್ಲು ಉಗುಳಿ ಬಾ. ಒಂದೂ ಅರ್ಥ ಆಗ್ತಿಲ್ಲ" ಅಂದಳು.

ಬಳ್ಳಿ ಕೊಟ್ಟವಳೇ ಅವಳು. ಮದುವೆಯಾಗಿ ಮಗ್ಗೆ ಊರಿಗೆ ಹೋದವಳು ಅಲ್ಲಿಂದ ಒಂದು ಕಡ್ಡಿ ತಂದು, "ಇದು ಹೂ ಬಿಟ್ಟ ದಿನ ಅತ್ತೆ ಮಾವನ್ನೂ ಕರ್ಕೊಂಡು ಊಟಕ್ಕೆ ಬತ್ತೀನಿ" ಅಂದಿದ್ದಳು. ನಾನು ನಕ್ಕೆ. ಜೀವಮಾನವಿಡೀ ಕಾಳುಮೆಣಸಿನ ಬಳ್ಳಿ ಹಬ್ಬಿಸಿದವನಿಗೆ ಇದೊಂದು ಬಳ್ಳಿಯೇ? ಓದಿದ್ದು ಮೂರನೇ ಕ್ಲಾಸು. ಆದರೆ ಬಳ್ಳಿಯ ವಿಷಯದಲ್ಲಿ ಮಹಾಪಂಡಿತ!

ಮೆಣಸಿಗೆ ಮಾಡುವಂತೆಯೇ ಮನೆ ಪಕ್ಕದ ಮರದ ಬುಡದಲ್ಲಿ, ಒಳ್ಳೇ ನೆರಳು ನೋಡಿ ನೆಟ್ಟೆ. ಬುಟ್ಟಿಗಟ್ಟಲೆ ಗೊಬ್ಬರ ಸುರಿದೆ. ಮೆಣಸಿನ ಹಾಗೆಯೇ ಗಿಣ್ಣಿನಲ್ಲಿ ಬೇರು ಬಿಟ್ಟು ಮರವನ್ನು ಕಚ್ಚಿಕೊಂಡಿತು. ನೋಡಿದಿರಾ, ಪಂಡಿತ!

ಬೆಳೆಯಿತು. ಅಬ್ಬಬ್ಬಾ! ಮರ ಹತ್ತಿತು, ಮಾಡು ಹತ್ತಿತು, ಟಿವಿಯ ಡಿಶ್ಶನ್ನು ತಬ್ಬಿಕೊಂಡಿತು. ಹೂ ಮಾತ್ರ ಇಲ್ಲ. ಇನ್ನಷ್ಟು ಗೊಬ್ಬರ ಹಾಕಿದೆ. ಒಂದು ದಿನ ಹೆಂಚೆತ್ತಿ ಅಡುಗೆಮನೆಗೇ ಇಳಿಯಿತು.

"ಇಲ್ನೋಡಿ, ನಿಮ್ಮ ಬಳ್ಳಿ ಊಟಕ್ಕೆ ಬಂದೈತೆ. ತಟ್ಟೆ ಹಾಕ್ಲಾ?" ಅಂದಳು ಹೆಂಡತಿ ಕಮಲ.

"ಮುಟ್ಬೇಡ ಕಣೇ! ಹೂ ಬಿಡದಿದ್ರೆ ಸುಮ ಬರಲ್ಲ!"

"ಮಳೆ ಬಂದ್ರೆ ಸಾರಿನೊಳಕ್ಕೇ ನೀರು. ಬಂದವಳು ಏನುಣ್ತಾಳೆ?"

ನಾನು ಸಕಲೇಶಪುರಕ್ಕೆ ಹೋಗಿ ಬರುವಷ್ಟರಲ್ಲಿ ಬಳ್ಳಿ ಮೊಣಕಾಲೆತ್ತರದ ಮೋಟು! ಕಮಲ ಕತ್ತಿ ಹಿಡಿದು ಮರದ ಕೊಂಬೆಗಳನ್ನೂ ಸವರಿದ್ದಳು. ದುಃಖದಲ್ಲಿ ಗೊಬ್ಬರ ಹಾಕುವುದನ್ನು ಬಿಟ್ಟೆ. ಅವಳ ಜೊತೆ ಮಾತನ್ನೂ ಬಿಟ್ಟೆ. ಅವಳಿಗೆ ಅದು ಗೊತ್ತೇ ಆಗಲಿಲ್ಲ.

ಬೇಸಿಗೆಯ ಬಿಸಿಲಿಗೆ ಮೋಟಿನಿಂದ ಹೊಸ ಚಿಗುರು ಹೊರಟಿತು. ಆ ಚಿಗುರಿನ ತುದಿಯಲ್ಲೇ ಈ ಹೂವು! ಮಧ್ಯಾಹ್ನ ಬಂದ ಸುಮಳ ಮಾವ ಅಂಗಳದಲ್ಲಿ ನಿಂತು ವಿವರಿಸಿದರು: ಇದಕ್ಕೆ ಬಿಸಿಲು ಬೇಕು, ಆಗಾಗ ಕತ್ತಿ ಬೀಳಬೇಕು, ಗೊಬ್ಬರ ಅತಿಯಾದರೆ ಬರೀ ಎಲೆ. ಮೊದಲೇ ಗೊತ್ತಿದ್ದವನಂತೆ ತಲೆಯಾಡಿಸಿದೆ.

ಸಂಜೆ ಎಲ್ಲರೂ ಸಾಲಾಗಿ ಕೂತು ಕಡುಬು, ಕೋಳಿಸಾರು ಉಂಡೆವು. "ಗೆದ್ದುಬುಟ್ಟೆ ತಾತ!" ಅಂದಳು ಸುಮ. ನಾನು ಎದೆಯುಬ್ಬಿಸಿ ಬಾಯಿ ತೆರೆಯುವಷ್ಟರಲ್ಲಿ ಕಮಲ ಸಾರು ಬಡಿಸುತ್ತಾ ಕೇಳಿದಳು, "ರೀ, ಈ ವರ್ಷ ನಿಮ್ಮ ಮೆಣಸೂ ಕಮ್ಮಿ ಐತೆ. ಅದನ್ನೂ ನಾನೇ ನೋಡ್ಲಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ, ಮೂಲೆಯಲ್ಲಿದ್ದ ಕತ್ತಿಯನ್ನು ಎಡಗೈಯಿಂದ ಮೆಲ್ಲಗೆ ಎಳೆದು ನನ್ನ ಮಣೆಯ ಕೆಳಗೆ ಇಟ್ಟುಕೊಂಡೆ.